ದೀಪಾವಳಿ ಆದ ಮ್ಯಾಲೆ ಬಾಲ್ ಪೈಥಾನ್ ಇಲಿ ಮುಟ್ಟವಲ್ದು, ಏನ್ ಮಾಡ್ಬೇಕು?

ವಿದ್ಯಾನಗರ, ಹುಬ್ಬಳ್ಳಿ:
ಎರಡು ವರ್ಷದ ಗಂಡು ಬಾಲ್ ಪೈಥಾನ್ (ಮನ್ಯಾಗ ಸಾಕೋ ಸಣ್ಣ ಜಾತಿ ಹೆಬ್ಬಾವು), ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಣಿ ಆಗೇದ. ದೀಪಾವಳಿಗೆ 640 ಗ್ರಾಂ ಇತ್ತು, ಈಗ 615. ಮೂರು ಅಡಿ ಗಾಜಿನ ಟ್ಯಾಂಕ್, ಮ್ಯಾಲೆ ಜಾಳಿಗಿ ಮುಚ್ಚಳ, ಒಂದು ಮೂಲಿಗೆ ಹೀಟ್ ಮ್ಯಾಟ್ (ಕರೆಂಟಿನ ಬಿಸಿ ಹಾಳಿ), ಅಡಗಾಕ ಒಂದು ದೊಡ್ಡ ಮಡಿಕಿ. ಗಾಜಿಗೆ ಅಂಟಿಸಿದ ಮೀಟರ್ 28 ಡಿಗ್ರಿ ತೋರಿಸ್ತದ. ಫ್ರೀಜರ್‌ನ 90 ಗ್ರಾಂ ಇಲಿ, ಮೂರು ದಿನಕ್ಕೊಮ್ಮೆ ಕೊಟ್ಟು ನೋಡಾಕತ್ತೀನಿ. ಬಾಯಿ, ಮೂಗು ಸ್ವಚ್ಛ ಅದಾವ. ಮನ್ಯಾಗ ಹಿರೇರು ಹಾಲು ಇಡು ಅಂತಾರ. ಬಾಯಿ ತೆಗೆಸಿ ತಿನಿಸ್ಬೇಕೇನು?

ಸಪ್ತಾಪುರ, ಧಾರವಾಡ:
ಬಾಯಿ ತೆಗೆಸೋದು ಬ್ಯಾಡ್ರಿ. 25 ಗ್ರಾಂ ಅಂದ್ರ ಶೇ 4. ಪಶ್ಚಿಮ ಆಫ್ರಿಕಾದ ಈ ಹಾವು ಬೆದೆಗಾಲದಾಗ, ಅದರಾಗೂ ಗಂಡು, ತಿಂಗಳುಗಟ್ಟಲೆ ಉಪವಾಸ ಇರ್ತದ. ಆದ್ರ ನಿಮ್ಮ ಟ್ಯಾಂಕಿನ ವಿವರ ಓದಿದ ಮ್ಯಾಲೆ ಋತುಮಾನ ಒಂದನ್ನ ದೂರಾಕ ಆಗಂಗಿಲ್ಲ.

ಆ 28 ಗಾಜಿನ ಉಷ್ಣತೆ, ಹಾವು ಮಲಗೋ ನೆಲದ್ದಲ್ಲ. ಪ್ರೋಬ್ (ವೈರಿನ ತುದಿಗೆ ಉಷ್ಣತೆ ಅಳೆಯೋ ಕಡ್ಡಿ) ಇರೋ ಡಿಜಿಟಲ್ ಥರ್ಮಾಮೀಟರ್ ತಂದು ಬಿಸಿ ಬದಿಯ ಅಡಗುತಾಣದ ಒಳಗ ಇಡ್ರಿ. ಅಲ್ಲಿ 31–32 ಬರಬೇಕು, ತಂಪು ಬದಿ 25–26, ರಾತ್ರಿ ಎಲ್ಲಿಯೂ 24ರ ಕೆಳಗ ಹೋಗಬಾರದು. ಡಿಸೆಂಬರ್-ಜನವರಿ ಬೆಳಗಿನ ಜಾವ ನಮ್ಮ ಕಡೆ ಹೊರಗ 15ರ ಆಸುಪಾಸಿಗೆ ಇಳೀತದ. ಜಾಳಿಗಿ ಮುಚ್ಚಳದಾಗ ಬಿಸಿ ನಿಲ್ಲಂಗಿಲ್ಲ, ಮ್ಯಾಟು ಗಾಳಿ ಕಾಯಿಸೋ ಸಾಧನವೂ ಅಲ್ಲ. ಮೈ ತಣ್ಣಗಿದ್ರ ತಿಂದದ್ದು ಅರಗಂಗಿಲ್ಲ, ಅದಕ್ಕ ಹಾವು ತಿನ್ನೂದ ಬಿಡ್ತದ.

ಟ್ಯಾಂಕಿನ ಹಿಂದ ಮತ್ತು ಎರಡೂ ಬದಿಗೆ ಥರ್ಮಾಕೋಲ್ ಕಟ್ರಿ. ಜಾಳಿಗಿಯ ಮುಕ್ಕಾಲು ಭಾಗ ಅಕ್ರಿಲಿಕ್ ಹಾಳಿಯಿಂದ ಮುಚ್ರಿ, ಉಳಿದದ್ದು ಗಾಳಿಗೆ ಬಿಡ್ರಿ. ಗಾಳಿ ಬಿಸಿ ಮಾಡಾಕ ಸೆರಾಮಿಕ್ ಹೀಟ್ ಎಮಿಟರ್ (ಬೆಳಕಿಲ್ಲದ ಬಿಸಿ ಬಲ್ಬು) ಬೇಕು, ಹಾವು ಮುಟ್ಟದಂಗ ಸುತ್ತ ತಂತಿ ಬಲೆ ಇರಲಿ. ಮ್ಯಾಟಿಗೂ ಎಮಿಟರ್‌ಗೂ ಬ್ಯಾರೆ ಬ್ಯಾರೆ ಥರ್ಮೋಸ್ಟಾಟ್ (ಬಿಸಿ ಮಿತಿ ದಾಟದಂಗ ಕರೆಂಟ್ ನಿಯಂತ್ರಿಸೋ ಸಾಧನ) ಕಡ್ಡಾಯ. ಅದಿಲ್ಲದ ಮ್ಯಾಟು 45 ದಾಟಿ ಹೊಟ್ಟಿಯ ಹುರುಪು ಸುಡ್ತದ, ಹಾವು ಬಿಸಿ ಅಂತ ಪಕ್ಕಕ್ಕ ಸರಿಯಂಗಿಲ್ಲ, ಸುಟ್ಟರೂ ಅಲ್ಲೇ ಕುಂತಿರ್ತದ. ಮ್ಯಾಟಿನ ಥರ್ಮೋಸ್ಟಾಟ್ ಪ್ರೋಬು ಮ್ಯಾಟಿಗೂ ಗಾಜಿಗೂ ನಡುವ ಇರಬೇಕು.

ತೇವಾಂಶ ಶೇ 60 ಇರಲಿ. ಕೋಕೋಪೀಟ್ ಎರಡು ಇಂಚು ಹಾಸಿ ಮೂಲಿಗೆ ನೀರು ಸುರೀರಿ, ಮ್ಯಾಲ ಚಿಮುಕಿಸಿದ್ರ ಒಂದು ತಾಸಿಗೆ ಆರಿ ಹೋಗ್ತದ.

ಮಡಿಕಿ ದೊಡ್ಡದಿದ್ರ ಅದು ಅಡಗುತಾಣ ಅಲ್ಲ. ಸುತ್ತಿಕೊಂಡಾಗ ಮೈ ಗೋಡಿಗೆ ತಾಕಬೇಕು. ಅಂಥವು ಎರಡು, ಬಿಸಿ ಬದಿಗೊಂದು, ತಂಪು ಬದಿಗೊಂದು. ಒಂದೇ ಇದ್ರ ಹಾವು ಬಿಸಿನೋ ಭದ್ರತೆನೋ ಅಂತ ಆರಿಸ್ಕೋಬೇಕಾಗ್ತದ, ಭದ್ರತೆಯನ್ನೇ ಆರಿಸ್ತದ.

ಹಾವೇರಿ:
ಮೇಲಿನದು ಸರಿಯಾದ ಮೇಲೆ ಒಂದು ವಾರ ಹಾವನ್ನು ಮುಟ್ಟಬೇಡಿ, ಇಲಿಯನ್ನೂ ಕೊಡಬೇಡಿ. ಮೂರು ದಿನಕ್ಕೊಮ್ಮೆ ಕೊಟ್ಟರೆ ಹಾವಿಗೆ ಒತ್ತಡವಾಗುತ್ತದೆ. ಹತ್ತು-ಹನ್ನೆರಡು ದಿನಕ್ಕೊಮ್ಮೆ ಸಾಕು. ಕಣ್ಣು ನೀಲಿಯಾಗಿ ಪೊರೆ ಬಿಡುವ ಹೊತ್ತಾಗಿದ್ದರೆ ಪೊರೆ ಪೂರ್ತಿ ಕಳಚುವವರೆಗೆ ಕಾಯಿರಿ.

90 ಗ್ರಾಂ ಇಲಿ 615 ಗ್ರಾಂ ಹಾವಿಗೆ ಶೇ 15ರಷ್ಟಾಯಿತು. ಉಪವಾಸ ಮುರಿಯಲು ಅಷ್ಟು ದೊಡ್ಡದು ಬೇಡ, 45ರಿಂದ 50 ಗ್ರಾಂನದು ತನ್ನಿ. ಹಿಂದಿನ ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಕರಗಲು ಬಿಡಿ. ಕೊಡುವ ಮುನ್ನ 42 ಡಿಗ್ರಿ ನೀರಿನಲ್ಲಿ 15 ನಿಮಿಷ. ಕುದಿವ ನೀರು, ಮೈಕ್ರೋವೇವ್ ಎರಡೂ ಬೇಡ: ಹೊರಗೆ ಬೆಂದು ಹೊಟ್ಟೆ ಒಡೆಯುತ್ತದೆ, ಒಳಗೆ ಮಾತ್ರ ತಣ್ಣಗೇ ಇರುತ್ತದೆ. ಚೆನ್ನಾಗಿ ಒರೆಸಿ, ತಲೆಗೆ ಹೇರ್ ಡ್ರೈಯರ್ ಹಿಡಿದು 38 ಡಿಗ್ರಿಗೆ ತನ್ನಿ. ತುಟಿಯಂಚಿನ ಕುಳಿಗಳಿಂದ ಈ ಹಾವು ಬಿಸಿಯನ್ನು ಗ್ರಹಿಸುತ್ತದೆ, ತಲೆ ತಣ್ಣಗಿದ್ದರೆ ಅದಕ್ಕೆ ಇಲಿ ಬೇಟೆಯಾಗಿ ಕಾಣುವುದೇ ಇಲ್ಲ.

ಕತ್ತಲಾದ ಮೇಲೆ ದೀಪ ಆರಿಸಿ, ಉದ್ದ ಇಕ್ಕಳದಲ್ಲಿ ಇಲಿಯ ಸೊಂಟ ಹಿಡಿದು ಅಡಗುತಾಣದ ಬಾಯಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಅಲುಗಿಸಿ. ಮುಖಕ್ಕೆ ಒತ್ತಬೇಡಿ. ಹಿಂದೆ ಸರಿದರೆ ಅಲ್ಲೇ ತಟ್ಟೆಯಲ್ಲಿಟ್ಟು ಕೋಣೆ ಬಿಟ್ಟು ಹೋಗಿ. ಬೆಳಗ್ಗೆ ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಜೀವಂತ ಇಲಿಯನ್ನಂತೂ ಬಿಡಲೇಬೇಡಿ, ಹಸಿವಿಲ್ಲದ ಹಾವನ್ನು ಅದು ಬೆನ್ನುಮೂಳೆ ಕಾಣುವವರೆಗೂ ಕಡಿಯಬಲ್ಲದು.

ವಿದ್ಯಾನಗರ, ಹುಬ್ಬಳ್ಳಿ:
ಥರ್ಮೋಸ್ಟಾಟ್ ಇಲ್ಲ, ಇವತ್ತ ತರಸ್ತೀನಿ. ಹಾಲಿಂದು? ಡಾಕ್ಟರ್ ಕಡೆ ಯಾವಾಗ ಹೋಗ್ಬೇಕು?

ಗದಗ:
ಹಾಲು ಬ್ಯಾಡ. ನಾಗರ ಪಂಚಮಿ ಹಾಲು ಭಕ್ತಿಯ ಮಾತು, ಆಹಾರದ್ದಲ್ಲ. ನೀರಡಿಸಿದ ಹಾವು ಯಾವ ದ್ರವ ಇಟ್ಟರೂ ಕುಡೀಬಹುದು, ಆದ್ರ ಹಾಲು ಅದಕ್ಕ ಅರಗಂಗಿಲ್ಲ, ಭೇದಿ ಆಗ್ತದ. ಹಿರೇರಿಗೆ ಶುದ್ಧ ನೀರು ಬದಲಿಸೋ ಕೆಲಸ ಕೊಡ್ರಿ, ಅದು ನಿಜವಾಗಲೂ ಬೇಕು.

ವಾರಕ್ಕೊಮ್ಮೆ ಅಡಿಗಿಮನಿ ಡಿಜಿಟಲ್ ತಕ್ಕಡ್ಯಾಗ ತೂಕ ಹಾಕಿ ಬರ್ಕೊಳ್ರಿ. 640ರ ಶೇ 10 ಹೋದ್ರ 576. ಅಲ್ಲಿಗೆ ಮುಟ್ಟೂದಕ್ಕ ಮೊದಲ ವೈದ್ಯರ ಕಡೆ ಹೋಗ್ರಿ. ಬಾಯಿ ತೆರೆದು ಉಸಿರಾಡಿದ್ರ, ಮೂಗಿನ್ಯಾಗ ಗುಳ್ಳಿ ಬಂದ್ರ, ಒಸಡಿನ ಮ್ಯಾಲ ಹಳದಿ ಗಿಣ್ಣದಂಥ ಕೀವು ಕಂಡ್ರ, ನೀರಿನ ಬಟ್ಟಲದಾಗ ಕರಿ ಚುಕ್ಕಿ ಹಂಗ ನುಸಿ (ಮೈಟ್) ತೇಲಿದ್ರ ತೂಕ ನೋಡ್ಕೋತ ಕೂಡಬ್ಯಾಡ್ರಿ, ಅವತ್ತ ಹೋಗ್ರಿ. ಸರೀಸೃಪ ನೋಡೋ ವೈದ್ಯರೇ ಹೌದಾ ಅಂತ ಮೊದಲ ಫೋನ್ ಮಾಡಿ ಕೇಳ್ರಿ, ನಾಯಿ-ದನದ ಔಷಧದ ಅಳತಿ ಹಾವಿಗೆ ನಡಿಯಂಗಿಲ್ಲ. ಹೊಸಾ ಹಿಕ್ಕಿ ಸಿಕ್ಕಿದ್ರ ಡಬ್ಬ್ಯಾಗ ಹಾಕಿ ಫ್ರಿಜ್‌ನ್ಯಾಗ ಇಟ್ಟು ಒಂದು ದಿನದೊಳಗ ಒಯ್ರಿ, ಹೊಟ್ಟಿ ಹುಳ ಪರೀಕ್ಷೆಗೆ ಬೇಕಾಗ್ತದ. ಬಲವಂತದ ಊಟ ಅವರೇ ಹೇಳಿದ್ರ, ಅವರ ಕೈಯಿಂದಲೇ ಆಗಲಿ. ಅನ್ನನಾಳ ಹರಿದ್ರ ಹೊರಗಿಂದ ಗೊತ್ತ ಆಗಂಗಿಲ್ಲ.

ಇನ್ನೊಂದು: ತಿಂದ ಮ್ಯಾಲೆ 48 ತಾಸು ಮುಟ್ಟಬ್ಯಾಡ್ರಿ. ವಾಂತಿ ಮಾಡಿದ್ರ ಎರಡು ವಾರ ಬಿಟ್ಟು, ಅರ್ಧ ಗಾತ್ರದ ಇಲಿ. ಚಳಿಗಾಲದಾಗ ರಾತ್ರಿ ಕರೆಂಟ್ ಹೋದ್ರ ಥರ್ಮೋಸ್ಟಾಟೂ ಮ್ಯಾಟೂ ಇನ್ವರ್ಟರ್ ಮ್ಯಾಲ ಇರಲಿ. ಇನ್ವರ್ಟರ್ ಇಲ್ಲಂದ್ರ ಬಿಸಿನೀರಿನ ಬಾಟ್ಲಿ ದಪ್ಪ ಟವೆಲ್‌ನ್ಯಾಗ ಸುತ್ತಿ ಟ್ಯಾಂಕಿನ ಹೊರಗ, ಥರ್ಮಾಕೋಲಿನ ಒಳಮಗ್ಗಲ ಇಡ್ರಿ.