ಹಳೇ ಪಿಎಸ್2 ಅನ್ನು 5 ವರ್ಷದ ಮಗುವಿಗೆ ಸಜ್ಜು ಮಾಡೋದು: ಕೇಳಿದ್ದು, ಹೇಳಿದ್ದು

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ಕಾರ ಸರ್. ನಮ್ಮ ಬಾವನವರು ಬಿಟ್ಟುಹೋದ ಪ್ಲೇಸ್ಟೇಷನ್ 2 ಸ್ಲಿಮ್ ಮನೇಲಿದೆ. ಮಗಳಿಗೆ 5 ವರ್ಷ, ಅವಳಿಗೆ ಕೊಡೋಣ ಅಂತ ತೆಗೆದ್ವಿ. ಡಿಸ್ಕ್ ಒಂದ್ಸಲ ಓದ್ತದೆ, ನಾಲ್ಕು ಸಲ ಓದಲ್ಲ. ಒಬ್ರು ಚಿಪ್ ಹಾಕಿಸಿ ಅಂದ್ರು, ಇನ್ನೊಬ್ರು ಲೆನ್ಸ್ ಬದಲಾಯಿಸಿ ಅಂದ್ರು. ಹೊಸ ಟಿವಿಗೆ ಕೆಂಪು-ಬಿಳಿ-ಹಳದಿ ವೈರ್ ಹಾಕೋ ಜಾಗಾನೇ ಇಲ್ಲ. ಮಗಳಿಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಏನು ಮಾಡೋದು?

ಉತ್ತರ (ಗೇಮ್ ಕನ್ಸೋಲ್ ರಿಪೇರಿ, ಶಿವಮೊಗ್ಗ): ಚಿಪ್ಪೂ ಬೇಡ, ಲೆನ್ಸೂ ಬೇಡ. ಕಾಪಿ ಡಿಸ್ಕನ್ನೂ ಓದಿಸೋ ಆ ಚಿಪ್ ಹಾಕೋದು ಅಂದ್ರೆ ಬೋರ್ಡಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಬೆಸುಗೆ. ಅಷ್ಟೆಲ್ಲ ಮಾಡಿದ ಮೇಲೂ ಆಟ ಡಿಸ್ಕಿನಿಂದಲೇ ಓದಬೇಕು. 5 ವರ್ಷದ ಮಗುವಿನ ಕೈಗೆ ಡಿಸ್ಕ್ ಕೊಡೋ ಹಾಗೇ ಇರಬಾರದು, ಕೆಲಸ ಅಲ್ಲಿಂದ ಶುರು ಮಾಡಿ. ಬಟನ್ ಒತ್ತಿದ್ರೆ ಆಟದ ಚಿತ್ರಗಳು ಬರಬೇಕು, ಚಿತ್ರ ನೋಡಿ ಒತ್ತಿದ್ರೆ ಆಟ ಶುರುವಾಗಬೇಕು. ಇದನ್ನು ಒಂದು ಮೆಮೊರಿ ಕಾರ್ಡ್, ಒಂದು ಪೆನ್‌ಡ್ರೈವ್‌ನಲ್ಲಿ ಮಾಡಬಹುದು. ಡಬ್ಬ ಬಿಚ್ಚೋದೇ ಬೇಡ.

ಬೇಕಾದ ಸಾಮಾನು: ಸೋನಿಯ ಅಸಲಿ 8 ಎಂಬಿ ಮೆಮೊರಿ ಕಾರ್ಡ್ (ಮ್ಯಾಜಿಕ್‌ಗೇಟ್ ಅಂತ ಬರೆದಿರೋದು), 32 ಜಿಬಿಯ ಗಿಡ್ಡ ಪೆನ್‌ಡ್ರೈವ್, ಒಂದು ಖಾಲಿ ಡಿವಿಡಿ-ಆರ್, ಡಿವಿಡಿ ಬರೆಯೋ ಡ್ರೈವ್ ಇರೋ ಕಂಪ್ಯೂಟರ್. 64 ಎಂಬಿ, 128 ಎಂಬಿ ಅಂತ ಬರೆದ ಅಗ್ಗದ ಕಾರ್ಡ್ ತಗೋಬೇಡಿ. ಮೊದಲು ನಡೀತದೆ, ಆಮೇಲೆ ಫೈಲ್ ಹಾಳಾಗ್ತದೆ. ಪೆನ್‌ಡ್ರೈವ್ ಗಿಡ್ಡ ಯಾಕೆ ಅಂದ್ರೆ ಯುಎಸ್‌ಬಿ ಕಿಂಡಿ ಕನ್ಸೋಲಿನ ಮುಂದೇನೇ ಇರೋದು. ಉದ್ದ ಇದ್ರೆ ಮಗುವಿನ ಮೊಣಕಾಲು ತಾಗಿ ಕಿಂಡಿಯೇ ಮುರಿದೀತು.

ಕಾರ್ಡಿಗೆ ಹಾಕೋ ತಂತ್ರಾಂಶದ ಹೆಸರು ಫ್ರೀ ಮೆಕ್‌ಬೂಟ್. ಕನ್ಸೋಲ್ ಆನ್ ಆಗೋವಾಗ ಕಾರ್ಡಿನಲ್ಲಿ ಸಿಸ್ಟಮ್ ಅಪ್‌ಡೇಟ್ ಇದೆಯಾ ಅಂತ ಅದಾಗಿಯೇ ಹುಡುಕ್ತದೆ. ಫ್ರೀ ಮೆಕ್‌ಬೂಟ್ ಆ ಅಪ್‌ಡೇಟಿನ ವೇಷದಲ್ಲಿ ಒಳಗೆ ಹೋಗ್ತದೆ. ಆಟ ಓಡಿಸೋದು ಇನ್ನೊಂದು ತಂತ್ರಾಂಶ, ಓಪನ್ ಪಿಎಸ್2 ಲೋಡರ್. ಎಲ್ಲರೂ ಒಪಿಎಲ್ ಅಂತಾರೆ.

ಮೊದಲ ಸಲ ಇವನ್ನು ಕಾರ್ಡಿಗೆ ಹಾಕಕ್ಕೆ ಮಾತ್ರ ಡಿಸ್ಕ್ ಬೇಕು. 2020ರಲ್ಲಿ ಬಂದ ಫ್ರೀಡಿವಿಡಿಬೂಟ್ ಅನ್ನೋದನ್ನು ಡಿವಿಡಿ-ಆರ್‌ಗೆ ಕಡಿಮೆ ವೇಗದಲ್ಲಿ ಬರೆದು, ಫೈನಲೈಸ್ ಮಾಡಿ. ಕನ್ಸೋಲಿನ ಭಾಷೆ ಇಂಗ್ಲಿಷ್‌ನಲ್ಲೇ ಇರಲಿ, ಇಲ್ಲಾಂದ್ರೆ ಕಪ್ಪು ತೆರೆ ಬಂದು ನಿಲ್ಬಹುದು. ಡಿಸ್ಕ್ ಹಾಕಿದ್ರೆ ಫೈಲ್ ಮೆನು ತೆರೀತದೆ. ಅಲ್ಲಿಂದ ಪೆನ್‌ಡ್ರೈವಿನಲ್ಲಿ ಇಟ್ಟಿರೋ ಇನ್‌ಸ್ಟಾಲರ್ ಓಡಿಸಿ, 'ನಾರ್ಮಲ್ ಇನ್‌ಸ್ಟಾಲ್' ಆರಿಸಿ. 'ಮಲ್ಟಿ ಇನ್‌ಸ್ಟಾಲ್' ಮುಟ್ಟಬೇಡಿ. ಅದು ಒಂದೇ ಫೈಲನ್ನು ಹಲವು ಹೆಸರಿಗೆ ಜೋಡಿಸ್ತದೆ, ಮುಂದೆ ಒಂದನ್ನು ಅಳಿಸಿದ್ರೆ ಇಡೀ ಕಾರ್ಡ್ ಕೆಡ್ತದೆ.

ನಿಮ್ಮ ಲೆನ್ಸ್ ಆ ಒಂದು ಡಿಸ್ಕನ್ನೂ ಓದದಿದ್ರೆ ಪರಿಚಯದವರ ಇನ್ನೊಂದು ಪಿಎಸ್2ನಲ್ಲಿ ಕಾರ್ಡ್ ತಯಾರು ಮಾಡಿಸಿ ತನ್ನಿ. ಆಗ 'ಈ ಕನ್ಸೋಲಿಗೆ ಮಾತ್ರ' ಅನ್ನೋ ಆಯ್ಕೆ ಬೇಡ, ಎಲ್ಲ ಮಾಡೆಲಿಗೂ ಅನ್ನೋದು ಇರಲಿ.

ಎಲ್ಲಕ್ಕಿಂತ ಮೊದಲು ಕನ್ಸೋಲ್ ಮಗುಚಿ ಹಾಕಿ, ಸ್ಟಿಕ್ಕರ್ ಮೇಲಿನ ಮಾಡೆಲ್ ನಂಬರ್ ಮತ್ತು ಡೇಟ್ ಕೋಡ್ ಇಲ್ಲಿ ಹಾಕಿ.

ಪ್ರಶ್ನೆ (ತೀರ್ಥಹಳ್ಳಿ): ಎಸ್‌ಸಿಪಿಎಚ್-90006 ಅಂತಿದೆ. ಡೇಟ್ ಕೋಡ್ 8ಡಿ.

ಉತ್ತರ: ಹಾಗಾದ್ರೆ ದಾರಿ ಸ್ವಲ್ಪ ಬೇರೆ. ಕೋಡಿನಲ್ಲಿ 8 ಅಂದ್ರೆ 2008, ಡಿ ಅಂದ್ರೆ ಆ ವರ್ಷದ ಕೊನೇ 3 ತಿಂಗಳು. 90000 ಸರಣಿಯಲ್ಲಿ ಅಷ್ಟು ಹೊತ್ತಿಗೆ 2.30 ಬಯೋಸ್ (ಕನ್ಸೋಲನ್ನು ಏಳಿಸೋ ಒಳಗಿನ ತಂತ್ರಾಂಶ) ಬಂದಾಗಿತ್ತು. ಕಾರ್ಡಿನಲ್ಲಿ ಅಪ್‌ಡೇಟ್ ಹುಡುಕೋ ಕೆಲಸವನ್ನೇ ಸೋನಿಯವರು ಅದರಲ್ಲಿ ತೆಗೆದುಬಿಟ್ರು, ಹಾಗಾಗಿ ಫ್ರೀ ಮೆಕ್‌ಬೂಟ್ ಅಲ್ಲಿ ಏಳೋದೇ ಇಲ್ಲ. 8ಬಿ ತನಕದ್ದಕ್ಕೆ ತೊಂದರೆ ಇಲ್ಲ, 8ಸಿ ಎರಡೂ ಥರ ಬರ್ತದೆ, ಹಾಕಿ ನೋಡಿಯೇ ತಿಳೀಬೇಕು.

ನಿಮಗೆ ಅದರ ಬದಲು ಓಪನ್‌ಟ್ಯೂನಾ ಅನ್ನೋ ತಂತ್ರಾಂಶ ಬೇಕು. ಅದೂ ಮೆಮೊರಿ ಕಾರ್ಡಿಗೇ ಹಾಕೋದು, ಸ್ಲಿಮ್‌ಗೆ ಅಂತ ಇರೋದನ್ನೇ ಆರಿಸಿ. ಇದು ಆನ್ ಆದ ಕೂಡಲೇ ಓಡಲ್ಲ. ಡಿಸ್ಕ್ ಇಲ್ಲದೆ ಆನ್ ಮಾಡಿ, ಬ್ರೌಸರ್‌ಗೆ (ಕಾರ್ಡಿನಲ್ಲಿ ಏನಿದೆ ಅಂತ ತೋರಿಸೋ ಕನ್ಸೋಲಿನದ್ದೇ ಮೆನು) ಹೋಗಿ, ಕಾರ್ಡಿನ ಚಿತ್ರದ ಮೇಲೆ ಒತ್ತಿದ್ರೆ ಏಳ್ತದೆ. ಮಗು ಎರಡು ಸಲ ಹೆಚ್ಚಿಗೆ ಒತ್ತಬೇಕು, ಅಷ್ಟೇ ವ್ಯತ್ಯಾಸ. ವಾರದೊಳಗೆ ಕಲೀತಾರೆ ಬಿಡಿ, ನಮಗಿಂತ ಬೇಗ. ಹೊಸದಾಗಿ ಸೆಕೆಂಡ್ ಹ್ಯಾಂಡ್ ಹುಡುಕೋರು ಮಾತ್ರ 70000ದಿಂದ 79000 ತನಕದ ಸ್ಲಿಮ್ಮೇ ನೋಡಿ. ಅದರಲ್ಲಿ ಫ್ರೀ ಮೆಕ್‌ಬೂಟ್ ನೇರ ಏಳ್ತದೆ, 8.5 ವೋಲ್ಟಿನ ಅಡಾಪ್ಟರ್ ಹೊರಗೆ ಇರ್ತದೆ. 90000ದಲ್ಲಿ 230 ವೋಲ್ಟ್ ಡಬ್ಬದ ಒಳಗೇ ಬರ್ತದೆ, ಅದನ್ನು ಮನೇಲಿ ಬಿಚ್ಚಬೇಡಿ. ವಿದೇಶದಿಂದ ಬಂದ ಕನ್ಸೋಲ್ ಆದ್ರೆ ಅಡಿಯ ಚೀಟಿ ಓದಿ, 120 ವೋಲ್ಟ್ ಅಂತಿದ್ರೆ ನಮ್ಮ ಪ್ಲಗ್ಗಿಗೆ ನೇರ ಹಾಕೋ ಹಾಗಿಲ್ಲ.

ಈಗ ಪೆನ್‌ಡ್ರೈವ್. ಎಫ್ಎಟಿ32, ಎಂಬಿಆರ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಡಿವಿಡಿ, ಸಿಡಿ, ಎಆರ್‌ಟಿ, ವಿಎಂಸಿ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ನಾಲ್ಕು ಫೋಲ್ಡರ್ ಮಾಡಿ. ನಿಮ್ಮಲ್ಲಿರೋ ಡಿಸ್ಕುಗಳನ್ನು ಕಂಪ್ಯೂಟರಿನಲ್ಲಿ ಐಎಸ್ಒ (ಇಡೀ ಡಿಸ್ಕಿನ ಒಂದೇ ಫೈಲ್) ಮಾಡಿ ಡಿವಿಡಿ ಫೋಲ್ಡರಿಗೆ ಹಾಕಿ. ಅಡಿಭಾಗ ನೀಲಿ ಇರೋವು ಸಿಡಿ, ಅವಕ್ಕೆ ಬೇರೆ ಫೋಲ್ಡರ್. 4 ಜಿಬಿ ಮೀರಿದ ಫೈಲ್ ಎಫ್ಎಟಿ32ನಲ್ಲಿ ಹಿಡಿಯಲ್ಲ, ಯುಎಸ್‌ಬಿಯುಟಿಲ್ ಅನ್ನೋದರಲ್ಲಿ ತುಂಡು ಮಾಡಬೇಕು. ಹೊಸ ಒಪಿಎಲ್ ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಫಾರ್ಮ್ಯಾಟನ್ನೂ ಓದ್ತದೆ, ಅದಿದ್ರೆ ಈ ರಗಳೆಯೇ ಇಲ್ಲ. ಆಟಗಳನ್ನು ಒಂದಾದ ಮೇಲೊಂದು ಕಾಪಿ ಮಾಡಿ. ಮಧ್ಯೆ ಅಳಿಸಿ ಮತ್ತೆ ಹಾಕಿದ್ರೆ ಫೈಲ್ ಚೂರುಚೂರಾಗಿ ಕೂರ್ತದೆ, ಒಪಿಎಲ್ ಓಡಿಸಲ್ಲ. ಆಟ ಬದಲಾಯಿಸಬೇಕು ಅಂದ್ರೆ ಪೂರ್ತಿ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬೋದೇ ಒಳ್ಳೇದು.

ಓದಕ್ಕೆ ಬಾರದ ಮಗುವಿಗೆ ಎಆರ್‌ಟಿ ಫೋಲ್ಡರೇ ಮುಖ್ಯ. ಪ್ರತಿ ಆಟದ ಮುಖಪುಟ ಚಿತ್ರವನ್ನು ಆ ಆಟದ ಐಡಿ (ಡಿಸ್ಕಿನ ಮೇಲಿರೋ ಕೋಡ್ ನಂಬರ್) ಹೆಸರಲ್ಲಿ ಇಲ್ಲಿ ಇಟ್ರೆ ತೆರೆಯಲ್ಲಿ ಚಿತ್ರ ಬರ್ತದೆ. ಮಾಮೂಲಿ ತೆರೆಯಲ್ಲಿ ಹೆಸರಿನ ಪಟ್ಟಿಯ ಪಕ್ಕದಲ್ಲಿ ಒಂದೇ ಚಿತ್ರ ಕಾಣೋದು. ಚಿತ್ರಗಳೇ ಸಾಲಾಗಿ ಕಾಣೋ ಥೀಮ್‌ಗಳೂ ಸಿಗ್ತವೆ, ಮಗುವಿಗೆ ಅದೇ ಸರಿ. 6-8 ಆಟ ಸಾಕು. ನೂರು ಚಿತ್ರ ಇದ್ರೆ ಮಗು ಆಟ ಆಡಲ್ಲ, ಚಿತ್ರ ತಿರುಗಿಸ್ತಾ ಕೂರ್ತದೆ.

ಒಪಿಎಲ್ ಒಳಗೆ: ಯುಎಸ್‌ಬಿಯನ್ನು 'ಆಟೋ' ಮಾಡಿ, ಶುರುವಿನ ಮೆನು ಯುಎಸ್‌ಬಿ ಆಟಗಳದ್ದೇ ಇರಲಿ. 'ರೈಟ್ ಆಪರೇಷನ್ಸ್' ಆಫ್ ಮಾಡಿ, ಆಗ ಆಟ ಅಳಿಸೋ, ಹೆಸರು ಬದಲಿಸೋ ದಾರಿಯೇ ಮುಚ್ಚಿಹೋಗ್ತದೆ. 'ಪೇರೆಂಟಲ್ ಲಾಕ್' ಹಾಕಿದ್ರೆ ಸೆಟ್ಟಿಂಗ್ಸ್ ಒಳಗೆ ಹೋಗಕ್ಕೆ ಗುಟ್ಟಿನ ಸಂಖ್ಯೆ ಕೇಳ್ತದೆ. ಆಟದ ಮಧ್ಯೆ ಎಲ್1, ಎಲ್2, ಆರ್1, ಆರ್2, ಸ್ಟಾರ್ಟ್, ಸೆಲೆಕ್ಟ್ ಆರನ್ನೂ ಒಟ್ಟಿಗೆ ಒತ್ತಿದ್ರೆ ಆಟ ಬಿಟ್ಟು ಹೊರಗೆ ಬರಬಹುದು. ಹೀಗೆ ಹೊರಗೆ ಬಂದಾಗ ಎಲ್ಲಿಗೆ ಹೋಗಬೇಕು ಅನ್ನೋ ಐಜಿಆರ್ ದಾರಿಯನ್ನು ಒಪಿಎಲ್‌ಗೇ ಕೊಟ್ಟಿಡಿ, ಇಲ್ಲಾಂದ್ರೆ ಕನ್ಸೋಲಿನ ಬ್ರೌಸರಿಗೆ ಹೋಗಿ ನಿಲ್ತದೆ.

ಆ ಬ್ರೌಸರಿನಲ್ಲೇ ಅಪಾಯ ಇರೋದು. ಮಗು ಅಲ್ಲಿ ಕಾರ್ಡ್ ತೆರೆದು 'ಡಿಲೀಟ್' ಮಾಡಿದ್ರೆ ನಿಮ್ಮ ಕೆಲಸವೆಲ್ಲ ಹೋಯ್ತು. ಹಾಗಾಗಿ ಆಟದ ಸೇವ್‌ಗಳನ್ನು ಕಾರ್ಡಿಗೆ ಬಿಡದೆ ಪೆನ್‌ಡ್ರೈವಿನ ವಿಎಂಸಿಗೆ ಹಾಕಿ. ಒಂದೊಂದು ಆಟಕ್ಕೆ 8 ಎಂಬಿಯ ಸುಳ್ಳು ಕಾರ್ಡ್ ಅಲ್ಲಿ ಮಾಡಬಹುದು. ತಯಾರಾದ ಅಸಲಿ ಕಾರ್ಡಿನ ಜೋಡಿ ಒಂದು ಇದ್ರೆ ಬೀರುವಿನಲ್ಲಿ ಇಟ್ಟಿರಿ.

ಪ್ರಶ್ನೆ (ತೀರ್ಥಹಳ್ಳಿ): ಟಿವಿ ವಿಷಯ ಉಳೀತು ಸರ್.

ಉತ್ತರ: ಟಿವಿ ಹಿಂದೆ 'ಎವಿ ಇನ್' ಅಂತ 3.5 ಎಂಎಂ ತೂತು ಇದ್ರೆ ಅದರ ವೈರ್ ಸಾಕು. ಒಂದೊಂದು ಟಿವಿಯಲ್ಲಿ ಒಳಗಿನ ಕ್ರಮ ಬೇರೆ ಇರ್ತದೆ. ಚಿತ್ರ ಬರದೆ ಬರೀ ಗುಂಯ್ ಅಂದ್ರೆ ಹಳದಿಯನ್ನು ಕೆಂಪಿಗೆ ಹಾಕಿ ನೋಡಿ.

ಎಚ್‌ಡಿಎಂಐ ಮಾತ್ರ ಇದ್ರೆ ಪಿಎಸ್2ನ ಹಿಂದೆ ಚುಚ್ಚೋ ಸಣ್ಣ ಕನ್ವರ್ಟರ್ ಸಿಗ್ತದೆ. ಅದು ಕಾಂಪೊನೆಂಟ್ ಸಿಗ್ನಲ್ ತಗೊಳ್ಳೋದು, ಕನ್ಸೋಲಿನ ಸೆಟ್ಟಿಂಗ್‌ನಲ್ಲಿ 'ಆರ್‌ಜಿಬಿ' ಇದ್ರೆ ಬಣ್ಣ ಕೆಟ್ಟು ಬರ್ತದೆ. 'ವೈ ಸಿಬಿ/ಪಿಬಿ' ಅಂತ ಶುರುವಾಗೋ ಇನ್ನೊಂದು ಆಯ್ಕೆಗೆ ಹಾಕಿ. ಏನೂ ಕಾಣದಿದ್ರೆ ಹಳೇ ಟಿವಿಗೆ ಹಳದಿ ವೈರಿನಲ್ಲಿ ಸಿಕ್ಕಿಸಿ ಇದೊಂದು ಬದಲಾಯಿಸ್ಕೊಂಡು ಬನ್ನಿ. ಕನ್ವರ್ಟರಿನ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದ ತಗೊಳ್ಳಿ. ಟಿವಿಯಲ್ಲಿ 'ಗೇಮ್ ಮೋಡ್' ಹಾಕಿ, ಇಲ್ಲಾಂದ್ರೆ ಮಗು ಒತ್ತಿದ್ದು ಒಂದು ಗಳಿಗೆ ತಡವಾಗಿ ಆಗ್ತದೆ.

ಪ್ರಶ್ನೆ (ಸಾಗರದಿಂದ): ನಮ್ಮಲ್ಲಿ ಪೆನ್‌ಡ್ರೈವಿನಲ್ಲಿ ಆಟ ಓಡ್ತದೆ, ಆದ್ರೆ ಮೊದಲಿನ ವಿಡಿಯೊ ಕಡಿದು ಕಡಿದು ಬರ್ತದೆ. ಪೆನ್‌ಡ್ರೈವ್ ಯುಎಸ್‌ಬಿ 3ರದ್ದು, ಹೊಸದು.

ಉತ್ತರ: ಪೆನ್‌ಡ್ರೈವ್ ಎಷ್ಟು ಹೊಸದಾದರೂ ಪಿಎಸ್2ನ ಕಿಂಡಿ ಯುಎಸ್‌ಬಿ 1.1. ಸೆಕೆಂಡಿಗೆ 12 ಮೆಗಾಬಿಟ್, ಅಂದ್ರೆ ಕೈಗೆ ಸಿಗೋದು 1 ಎಂಬಿಗೂ ಸ್ವಲ್ಪ ಕಡಿಮೆ. ಅದೇ ಡಿವಿಡಿ ಡ್ರೈವ್ 4ಎಕ್ಸ್ ವೇಗದಲ್ಲಿ 5 ಎಂಬಿಗೂ ಹೆಚ್ಚು ಕೊಡ್ತದೆ. ಆಟ ಮಾಡಿದವರು ಆ ಲೆಕ್ಕಕ್ಕೆ ವಿಡಿಯೊ ಇಟ್ಟಿದ್ದು. ಒಪಿಎಲ್‌ನಲ್ಲಿ ಆ ಆಟಕ್ಕಿರೋ ಸೆಟ್ಟಿಂಗ್‌ನಲ್ಲಿ ಮೋಡ್ 4 ಹಾಕಿದ್ರೆ ವಿಡಿಯೊ ಹಾರಿಸ್ತದೆ. ಚಿಕ್ಕ ಮಗುವಿಗೆ ಅದರಿಂದ ನಷ್ಟವೇನಿಲ್ಲ. ಬಿಳೀ ತೆರೆಯಲ್ಲೇ ನಿಂತ್ರೆ ಮೋಡ್ 1, 2, 3 ಒಂದೊಂದಾಗಿ ಹಾಕಿ ನೋಡಿ, ಓಡಿದ್ದನ್ನು ಸೇವ್ ಮಾಡಿ.

ಇನ್ನೊಬ್ಬರ ಉತ್ತರ (ನೆಟ್‌ವರ್ಕ್ ಕೆಲಸದವರು, ಭದ್ರಾವತಿ): ಸ್ಲಿಮ್‌ನಲ್ಲಿ ಲ್ಯಾನ್ ಕಿಂಡಿ ಇದ್ದೇ ಇದೆ, ಅದನ್ನು ಯಾಕೆ ಬಿಡೋದು? ಕಂಪ್ಯೂಟರಿನಲ್ಲಿ ಫೋಲ್ಡರ್ ಹಂಚಿಕೊಂಡು ಆಟ ಓಡಿಸಿದ್ರೆ ವಿಡಿಯೊ ಎಷ್ಟೋ ವಾಸಿ. ಒಪಿಎಲ್‌ಗೆ ಫೋಲ್ಡರ್ ಹಂಚೋ ಎಸ್‌ಎಂಬಿ ಅನ್ನೋ ವ್ಯವಸ್ಥೆಯ ಆವೃತ್ತಿ 1 ಬೇಕು, ವಿಂಡೋಸ್ 10, 11ರಲ್ಲಿ ಅದು ಮೊದಲಿನಿಂದ ಆಫ್ ಇರ್ತದೆ. ಮನೆಯ ಮುಖ್ಯ ಕಂಪ್ಯೂಟರಿನಲ್ಲಿ ಆನ್ ಮಾಡೋದು ಸುರಕ್ಷಿತ ಅಲ್ಲ, ಬೇರೆ ಹಳೇದೊಂದು ಇದ್ರೆ ಅದರಲ್ಲಿ ಮಾಡಿ.

ಉತ್ತರ (ಶಿವಮೊಗ್ಗ): ಭದ್ರಾವತಿಯವರು ಹೇಳಿದ್ದು ಸರಿ, ವೇಗ ಹೆಚ್ಚು. ಆದ್ರೆ ಮಗು ಆಡಬೇಕು ಅಂದಾಗೆಲ್ಲ ಇನ್ನೊಂದು ಕಂಪ್ಯೂಟರ್ ಆನ್ ಇರಬೇಕು. 5 ವರ್ಷದವರಿಗೆ ನನ್ನ ಮತ ಪೆನ್‌ಡ್ರೈವಿಗೇ. ಒಂದು ಕಡೆ ಮಾತ್ರ ಬೇರೆ. ಐಟಾಯ್ ಕ್ಯಾಮೆರಾದ ಆಟ, ಬಝ್ ಜೂನಿಯರ್‌ನ ದೊಡ್ಡ ಕೆಂಪು ಗುಂಡಿಯ ಆಟ ಇವೆರಡೂ ಯುಎಸ್‌ಬಿಯನ್ನೇ ಹಿಡಿಯೋದರಿಂದ ಪೆನ್‌ಡ್ರೈವಿನ ಜೊತೆ ಜಗಳ ಆಗ್ತದೆ. ಅವನ್ನು ಡಿಸ್ಕಿನಲ್ಲಿ ಅಥವಾ ಲ್ಯಾನಿನಲ್ಲೇ ಓಡಿಸಿ. ಹಾಗೆ ನೋಡಿದ್ರೆ ಈ ವಯಸ್ಸಿಗೆ ಅವೆರಡೇ ಬೆಸ್ಟ್: ಒಂದರಲ್ಲಿ ಕೈ ಬೀಸೋದು, ಇನ್ನೊಂದರಲ್ಲಿ ಗುಂಡಿ ಬಡಿಯೋದು. ಎಲ್2, ಆರ್3 ಅಂತ ಬೆರಳು ಎಟುಕದ ಗೋಳಿಲ್ಲ.

ಪ್ರಶ್ನೆ (ಹೊಸನಗರದಿಂದ): ಅಂಗಡಿಯಲ್ಲಿ ಆಟ ತುಂಬಿಸಿದ ಪೆನ್‌ಡ್ರೈವೇ ಕೊಡ್ತಾರಲ್ಲ, ಅದು ತಗೊಂಡ್ರೆ ಆಗದಾ?

ಉತ್ತರ: ಕಾಪಿರೈಟ್ ಪ್ರಕಾರ ಅದು ತಪ್ಪು. ಅದೂ ಅಲ್ಲದೆ ಅದರಲ್ಲಿ ಗುಂಡು ಹಾರಿಸೋದು, ತಲೆ ಕಡಿಯೋದು ಎಲ್ಲ ಸೇರಿಯೇ ಬರ್ತದೆ, ಮುಖಪುಟ ನೋಡಿ ಮಗು ಅದನ್ನೇ ಒತ್ತೋದು. ಅಸಲಿ ಪಾಲ್ (ಯುರೋಪಿನ ಮಾದರಿಯ) ಡಿಸ್ಕಿನ ಕವರ್ ಮೇಲೆ ಪೆಗಿ ಅನ್ನೋ ವಯಸ್ಸಿನ ಗುರುತು ಇರ್ತದೆ: 3, 7, 12, 16, 18. 3 ಮತ್ತು 7 ಮಾತ್ರ ಹಾಕಿ. ಆದ್ರೆ ಒಂದು ನೆನಪಿಡಿ, ಅದು ವಿಷಯದ ಗುರುತು, ಕಷ್ಟದ್ದಲ್ಲ. 3 ಅಂತ ಬರೆದ ಫುಟ್ಬಾಲ್ ಆಟವನ್ನು 5 ವರ್ಷದ ಮಗು ಆಡಕ್ಕಾಗಲ್ಲ.

ಪ್ರಶ್ನೆ (ಕೊಪ್ಪದಿಂದ): ಮಳೆಗಾಲದಲ್ಲಿ ನಮ್ಮ ಕಂಟ್ರೋಲರ್ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ತದೆ. ಬೊಂಬೆ ಒಂದೇ ಕಡೆ ಓಡ್ತದೆ. ಬಿಸಿಲಿಗೆ ಇಟ್ರೆ ಸರಿಯಾಗ್ತದೆ, ಮತ್ತೆ ಶುರು.

ಉತ್ತರ: ಡ್ಯುಯಲ್‌ಶಾಕ್ 2ರ ಒಳಗೆ ಬಟನ್ನುಗಳ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಇದೆ. ಅದನ್ನು ಬೋರ್ಡಿಗೆ ಬೆಸೆದಿರಲ್ಲ, ಹಿಂದಿನ ಸಣ್ಣ ಸ್ಪಂಜು ಒತ್ತಿ ಹಿಡಿದಿರ್ತದೆ ಅಷ್ಟೆ. ವರ್ಷ ಕಳೆದ ಹಾಗೆ ಸ್ಪಂಜು ಚಪ್ಪಟೆ ಆಗ್ತದೆ, ನಮ್ಮ ಕಡೆಯ ತಂಪಿಗೆ ಆ ಸಂದಿಯಲ್ಲಿ ಪಸೆ ಕೂರ್ತದೆ. ಹಿಂದಿನ ಸ್ಕ್ರೂ ಬಿಚ್ಚಿ, ಪಟ್ಟಿಯ ತುದಿ ಮತ್ತು ಬೋರ್ಡಿನ ಗೆರೆಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಸ್ಪಂಜಿನ ಮೇಲೆ 1 ಎಂಎಂ ದಪ್ಪದ ಫೋಮ್ ಟೇಪಿನ ಸಣ್ಣ ತುಂಡು ಅಂಟಿಸಿ ಮುಚ್ಚಿ. ದಪ್ಪ ಹೆಚ್ಚಾದ್ರೆ ಡಬ್ಬ ಕೂರಲ್ಲ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಒರೆಸೋರು ಇದ್ದಾರೆ, ಬೇಡ ಮಾರಾಯ್ರೆ, ಪಟ್ಟಿಯ ಮೇಲಿನ ಗೆರೆಯೇ ಎದ್ದುಬರ್ತದೆ.

ವೈರ್ ಇಲ್ಲದ ಕಂಟ್ರೋಲರ್ ತಗೊಂಡ್ರೆ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರೋದೇ ನೋಡಿ. ಕನ್ಸೋಲಿನ ಗಡಿಯಾರಕ್ಕಿರೋ ಸಿಆರ್2032 ಗುಂಡಿ ಸೆಲ್ ಯಾರಾದ್ರೂ ಬದಲಾಯಿಸಿದ್ರೆ ಹಳೇದನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದ್ರೆ 2 ಗಂಟೆಯೊಳಗೆ ಅನ್ನನಾಳ ಸುಡ್ತದೆ. ಅನುಮಾನ ಬಂದ್ರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಪ್ರಶ್ನೆ (ತೀರ್ಥಹಳ್ಳಿ): ಕೊನೇದಾಗಿ, ಗುಡುಗು-ಮಿಂಚು ಇದ್ದಾಗ ಸ್ವಿಚ್ ಆಫ್ ಮಾಡಿದ್ರೆ ಸಾಕಾ?

ಉತ್ತರ: ಸಾಲದು. ಪ್ಲಗ್ ಕೀಳಬೇಕು. ಕನ್ಸೋಲಿನದ್ದು ಮಾತ್ರ ಅಲ್ಲ, ಟಿವಿಯದ್ದೂ, ಡಿಶ್ ವೈರೂ, ಲ್ಯಾನ್ ವೈರೂ. ಡಿಶ್‌ನಿಂದ ಟಿವಿಗೆ ಬಂದ ಸರ್ಜ್ ಎಚ್‌ಡಿಎಂಐ ವೈರ್ ಹಿಡಿದು ಕನ್ಸೋಲಿಗೆ ಬರ್ತದೆ. ಆಟ ಸೇವ್ ಆಗೋವಾಗ ಕರೆಂಟ್ ಹೋದ್ರೆ ಪೆನ್‌ಡ್ರೈವಿನ ಫೈಲ್ ಕೆಡಬಹುದು, ಹಾಗಾಗಿ ಟಿವಿ ಮತ್ತು ಕನ್ಸೋಲ್ ಎರಡನ್ನೂ ಇನ್ವರ್ಟರ್ ಲೈನಿಗೇ ಹಾಕಿ. ಮಳೆಗಾಲ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಒಳಗಿನ ಬಿಸಿಗೆ ನೀರು ಕೂರ್ತದೆ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರದ ಶೆಲ್ಫಿನಲ್ಲಿ ಇಡಿ, ಬೆಚ್ಚಗಿನ ಜಾಗಕ್ಕೆ ಇರುವೆ, ಜಿರಳೆ ಬರದೇ ಇರಲ್ಲ. ಇನ್ನು ಡಿಸ್ಕ್ ಹಾಕೋದೇ ಇಲ್ಲ ಅಂದ್ಮೇಲೆ ಮೇಲಿನ ಮುಚ್ಚಳಕ್ಕೆ ಒಂದು ಟೇಪ್ ಹಚ್ಚಿಬಿಡಿ. ಅಡಿಭಾಗದ ಗಾಳಿ ಸಂದಿಗಳನ್ನು ಮಾತ್ರ ಮುಚ್ಚಬೇಡಿ.