ಹಳೆಯ ಸ್ಟೈಲ್‌ಶೀಟ್‌ಗಳಲ್ಲಿ ಯಾವ ನಿಯಮವನ್ನು ಧೈರ್ಯವಾಗಿ ಅಳಿಸಬಹುದು?

ಪ್ರಶ್ನೆ:
ಹಲವು ವರ್ಷ ಬೇರೆ ಬೇರೆ ತಂಡಗಳ ಕೈಯಲ್ಲಿ ಬೆಳೆದ ದೊಡ್ಡ ಜಾಲತಾಣವೊಂದರ ನಿರ್ವಹಣೆ ಈಗ ನನ್ನ ಪಾಲಿಗೆ ಬಂದಿದೆ. ಒಂದೇ ಬಟನ್‌ಗೆ ನಾಲ್ಕು ಸ್ಟೈಲ್‌ಶೀಟ್‌ಗಳಲ್ಲಿ, ಅಂದರೆ ಪುಟದ ಅಂದವನ್ನು ನಿಯಮಗಳಾಗಿ ಬರೆದಿಡುವ ಸಿಎಸ್‌ಎಸ್ ಕಡತಗಳಲ್ಲಿ, ಬಣ್ಣ ಕೊಟ್ಟಿದ್ದಾರೆ. ಒಂದನ್ನು ಮೀರಿಸಲು ಇನ್ನೊಂದಕ್ಕೆ ಇಂಪಾರ್ಟೆಂಟ್ (ಉಳಿದವಕ್ಕಿಂತ ಇದೇ ಗೆಲ್ಲಲಿ ಎನ್ನುವ ಗುರುತು) ಸೇರಿಸಿದ್ದಾರೆ. ಕ್ರೋಮ್‌ನ ಕವರೇಜ್ ಫಲಕ ಬಳಕೆಯಾಗಿಲ್ಲವೆಂದು ತೋರಿಸಿದ ನಿಯಮಗಳನ್ನು ಕಳೆದ ವಾರ ಅಳಿಸಿದೆ. ಪುಟಗಳೆಲ್ಲ ಸರಿಯಾಗಿಯೇ ಕಂಡವು. ಆದರೆ ಫಾರ್ಮ್ ತಪ್ಪಾಗಿ ತುಂಬಿದಾಗ ಕಾಣಬೇಕಾದ ಎಚ್ಚರಿಕೆಯ ಸಾಲು ತನ್ನ ಕೆಂಪು ಹಿನ್ನೆಲೆಯನ್ನು ಕಳೆದುಕೊಂಡು, ಬಿಳಿಯ ಮೇಲೆ ಬಿಳಿ ಅಕ್ಷರವಾಗಿ ಮರೆಯಾಗಿತ್ತು. ಬಳಕೆದಾರರು ದೂರುವವರೆಗೂ ನನಗೆ ತಿಳಿಯಲಿಲ್ಲ. ಒಂದು ನಿಯಮ ನಿಜಕ್ಕೂ ಬೇಡವಾಗಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 1:
ನೀವು ರೆಕಾರ್ಡ್ ಮಾಡಿದ ಹೊತ್ತಿನಲ್ಲಿ ಯಾವ ನಿಯಮ ಬಳಕೆಯಾಯಿತು ಎಂಬುದನ್ನಷ್ಟೇ ಕವರೇಜ್ ಹೇಳುತ್ತದೆ. ಆಗ ತೆರೆಯದ ಮೆನು, ಬಾರದ ದೋಷಸಂದೇಶ, ಮುದ್ರಣದ ವಿನ್ಯಾಸ ಇವೆಲ್ಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಬಳಕೆಯಾಗದ ನಿಯಮಗಳನ್ನು ತಾನೇ ತೆಗೆಯುವ ಪರ್ಜ್‌ಸಿಎಸ್‌ಎಸ್ ಎಂಬ ಸಾಧನ ಟೆಂಪ್ಲೇಟ್ ಮತ್ತು ಸ್ಕ್ರಿಪ್ಟ್‌ಗಳಲ್ಲಿ ಪುಟದ ಅಂಶಗಳಿಗೆ ಕೊಡುವ ಗುರುತಾದ ಕ್ಲಾಸ್‌ನ ಹೆಸರನ್ನು ಅಕ್ಷರಶಃ ಹುಡುಕುತ್ತದೆ. ಸ್ಕ್ರಿಪ್ಟ್ ಎರಡು ತುಂಡುಗಳನ್ನು ಜೋಡಿಸಿ ಕಟ್ಟುವ ಹೆಸರು ಅದರ ಕಣ್ಣಿಗೆ ಬೀಳದ ಕಾರಣ, ಅಂಥವನ್ನು ಸೇಫ್‌ಲಿಸ್ಟ್‌ಗೆ (ಅಳಿಸಬಾರದವುಗಳ ಪಟ್ಟಿಗೆ) ನಾವೇ ಸೇರಿಸಬೇಕು.

ಅನುಮಾನವಿರುವ ನಿಯಮಕ್ಕೆ ನಾನು 1 ಪಿಕ್ಸೆಲ್‌ನ ಪಾರದರ್ಶಕ ಚಿತ್ರವೊಂದನ್ನು, ಆ ನಿಯಮಕ್ಕೆ ಮಾತ್ರ ಮೀಸಲಾದ ಹೆಸರಿನಲ್ಲಿ, ಹಿನ್ನೆಲೆಯಾಗಿ ಕೊಡುತ್ತೇನೆ. ನಿಯಮ ಯಾವುದಾದರೂ ಅಂಶಕ್ಕೆ ತಗುಲಿದಾಗ ಮಾತ್ರ ಬ್ರೌಸರ್ ಆ ಚಿತ್ರವನ್ನು ತರಿಸಿಕೊಳ್ಳುತ್ತದೆ. ಕೆಲವು ತಿಂಗಳು ಸರ್ವರ್ ಲಾಗ್‌ನಲ್ಲಿ ಆ ಹೆಸರು ಕಾಣದಿದ್ದರೆ ಅಳಿಸುತ್ತೇನೆ. ಇನ್ನೊಂದು ನಿಯಮ ಅದೇ ಅಂಶದ ಹಿನ್ನೆಲೆಯನ್ನು ಮೀರಿಸುವಂತಿದ್ದರೆ ಈ ಉಪಾಯವನ್ನು ನಂಬಬೇಡಿ.

ಉತ್ತರ 2:
ಅಳಿಸುವುದಕ್ಕಿಂತ ಮೊದಲು ಗೋಜಲು ಬೆಳೆಯುವುದನ್ನು ತಡೆಯಿರಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಹಳೆಯ ಕಡತಗಳನ್ನೆಲ್ಲ ಈಗಿನ ಕ್ರಮದಲ್ಲಿಯೇ ಒಂದು ಕ್ಯಾಸ್ಕೇಡ್ ಲೇಯರ್‌ನೊಳಗೆ (ಯಾವ ನಿಯಮಗಳ ಗುಂಪು ಗೆಲ್ಲಬೇಕೆಂದು ನಿರ್ಧರಿಸುವ ಸಿಎಸ್‌ಎಸ್ ಪದರದೊಳಗೆ) ಇಡಿ. 2022ರಿಂದ ಪ್ರಮುಖ ಬ್ರೌಸರ್‌ಗಳೆಲ್ಲ ಇದನ್ನು ಬೆಂಬಲಿಸುತ್ತಿವೆ. ಲೇಯರ್‌ನ ಹೊರಗೆ ಬರೆದ ಹೊಸ ನಿಯಮ, ಅದರ ಸೆಲೆಕ್ಟರ್ (ನಿಯಮ ಯಾವ ಅಂಶಕ್ಕೆ ಎಂದು ಹೇಳುವ ಭಾಗ) ಎಷ್ಟೇ ಸರಳವಾಗಿದ್ದರೂ, ಒಳಗಿನದನ್ನು ಮೀರಿಸುತ್ತದೆ. ಇಂಪಾರ್ಟೆಂಟ್ ಇರುವ ಕಡೆ ಮಾತ್ರ ಈ ಕ್ರಮ ತಲೆಕೆಳಗಾಗಿ ಹಳೆಯದೇ ಗೆಲ್ಲುವುದರಿಂದ, ಮೊದಲು ಅವನ್ನು ಒಂದೊಂದಾಗಿ ತೆಗೆಯಿರಿ. ಪ್ರತಿ ಬಾರಿಯೂ ಹಿಂದಿನ ಮತ್ತು ಈಗಿನ ಸ್ಕ್ರೀನ್‌ಶಾಟ್‌ಗಳನ್ನು, ತಪ್ಪು ತುಂಬಿದ ಫಾರ್ಮ್ ಸಹಿತ, ಬ್ಯಾಕ್‌ಸ್ಟಾಪ್‌ಜೆಎಸ್ ಎಂಬ ಸಾಧನದಲ್ಲಿ ಹೋಲಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹೊರಗಿನವರು ಕೊಟ್ಟ ಚಾಟ್ ವಿಜೆಟ್‌ನ ಸ್ಟೈಲ್ ಲೇಯರ್‌ನ ಹೊರಗೇ ಉಳಿದರೆ ತೊಂದರೆಯಾಗುವುದೇ?

ಉತ್ತರ 2:
ಆಗಬಹುದು. ಈವರೆಗೆ ನಿಮ್ಮ ನಿಯಮಗಳಿಗೆ ಸೋಲುತ್ತಿದ್ದ ಅದರ ಸಾಲುಗಳು ಇನ್ನು ಗೆಲ್ಲುತ್ತವೆ. ಆ ಕಡತವನ್ನು ನೀವೇ ಲೋಡ್ ಮಾಡುತ್ತಿದ್ದರೆ, ಅದನ್ನೂ ಈಗಿನ ಸ್ಥಾನದಲ್ಲಿಯೇ ಅದೇ ಲೇಯರ್‌ಗೆ ಸೇರಿಸಿ.