ಐ3 ತೆಗೆದು ಐ7 ಹಾಕಿದ ಮೇಲೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಮಾತ್ರ ಇಲ್ಲ (ಎಚ್61 ಬೋರ್ಡ್)

ಜಡಿಮಳೆ_ಹೊಸನಗರ:
ನಮಸ್ಕಾರ ಎಲ್ಲರಿಗೂ. ಮನೆಯಲ್ಲಿ ಹಳೆ ಡೆಸ್ಕ್‌ಟಾಪ್ ಇದೆ. ಎಚ್61 ಮದರ್‌ಬೋರ್ಡ್, ಐ3-2120 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಸುತ್ತಮುತ್ತ ನಡೆಯುವ ಯಕ್ಷಗಾನ ರೆಕಾರ್ಡ್ ಮಾಡಿ ಎಡಿಟ್ ಮಾಡುತ್ತೇನೆ. ಇಡೀ ರಾತ್ರಿಯ ಆಟ ರೆಂಡರ್‌ಗೆ (ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡುವುದಕ್ಕೆ) ಹಾಕಿದರೆ ಮಾರನೇ ದಿನ ಊಟದ ಹೊತ್ತಾದರೂ ಮುಗಿಯುವುದಿಲ್ಲ. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಐ7-3770 ತರಿಸಿದೆ. ಸಾಕೆಟ್ ಎರಡಕ್ಕೂ ಒಂದೇ, 1155.

ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತದೆ. ಮಾನಿಟರ್‌ನಲ್ಲಿ ನೋ ಸಿಗ್ನಲ್. ಹಳೆ ಐ3 ವಾಪಸ್ ಹಾಕಿದರೆ ಎಲ್ಲ ಸರಿ. ಇಲ್ಲಿ ಅಂಗಡಿಯವರು ಪ್ರೊಸೆಸರ್ ಸತ್ತಿದೆ ಅಂದರು. ವಾಪಸ್ ಕಳಿಸಲಾ?

ತುಂಗೆದಂಡೆ:
ರ‍್ಯಾಮ್ ತೆಗೆದು ಬಂಗಾರದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಹಾಕಿ ನೋಡಿ. ನಮ್ಮ ಕಡೆ ಥಂಡಿಗೆ ಕಿಲುಬು ಹಿಡಿದು ಹೀಗೆ ಆಗುವುದು ಜಾಸ್ತಿ.

ಹಳೇಬೋರ್ಡ್_ಸಾಗರ:
ಐ3 ಹಾಕಿದಾಗ ಅದೇ ರ‍್ಯಾಮ್ ಕೆಲಸ ಮಾಡುತ್ತಿದೆಯಲ್ಲ ಮಾರಾಯ್ರೆ, ರಬ್ಬರ್ ಬೇಡ. ವಾಪಸ್ ಕಳಿಸುವ ಗಡಿಬಿಡಿಯೂ ಬೇಡ. ನನಗೆ ಬಯಾಸ್ ಮೇಲೆ ಅನುಮಾನ, ಅಂದರೆ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನ ಚಿಪ್‌ನಲ್ಲೇ ಇರುವ ಪ್ರೋಗ್ರಾಂ.

ಸಾಕೆಟ್ ಒಂದೇ ಆದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ನಿಮ್ಮ ಐ3 ಎರಡನೇ ತಲೆಮಾರಿನದು, ಸ್ಯಾಂಡಿ ಬ್ರಿಡ್ಜ್, 2011ರದ್ದು. 3770 ಮೂರನೇ ತಲೆಮಾರಿನ ಐವಿ ಬ್ರಿಡ್ಜ್, 2012ರಲ್ಲಿ ಬಂತು. ಅದಕ್ಕೂ ಮೊದಲು ತಯಾರಾದ ಎಚ್61 ಬೋರ್ಡಿನ ಬಯಾಸ್‌ಗೆ ಅದರ ಗುರುತೇ ಇರುವುದಿಲ್ಲ. ಗುರುತು ಸಿಗದೆ ಶುರುವಿನಲ್ಲೇ ನಿಂತುಬಿಡುತ್ತದೆ. ಫ್ಯಾನ್‌ಗೆ ಬೇಕಾಗಿರುವುದು ಕರೆಂಟ್ ಅಷ್ಟೇ, ಅದು ತಿರುಗುತ್ತಲೇ ಇರುತ್ತದೆ.

ಸುಮ್ನೆ ಊಹೆ ಬೇಡ, ಹೀಗೆ ನೋಡಿ. ಬೋರ್ಡಿನಲ್ಲಿ ಸ್ಪೀಕರ್ ಎಂದು ಬರೆದ ಪಿನ್‌ಗೆ ಪುಟ್ಟ ಬೀಪ್ ಸ್ಪೀಕರ್ ಸಿಕ್ಕಿಸಿ, ತುಂಬಾ ಕ್ಯಾಬಿನೆಟ್‌ಗಳಲ್ಲಿ ಅದು ಬಂದೇ ಇರುವುದಿಲ್ಲ. ಐ3 ಇರುವಾಗಲೇ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ರ‍್ಯಾಮ್ ಇಲ್ಲ ಎಂದು ಬೀಪ್ ಹೊಡೆಯಬೇಕು. ಆ ಬೀಪ್ ಹೊಡೆಸುವುದು ಬಯಾಸ್, ಬಯಾಸ್ ಓಡಿಸುವುದು ಪ್ರೊಸೆಸರ್. ಈಗ ಐ7 ಹಾಕಿ ಹಾಗೇ ಮಾಡಿ. ಬೀಪ್ ಬಂದರೆ ಪ್ರೊಸೆಸರ್ ಬದುಕಿದೆ, ತೊಂದರೆ ಬೇರೆ ಕಡೆ. ಬರದಿದ್ದರೆ ಬಯಾಸ್ ಹಳೆಯದು, ಇಲ್ಲ ಪ್ರೊಸೆಸರ್ ಹೋಗಿದೆ.

ಇನ್ನೊಂದು. ಪ್ರೊಸೆಸರ್ ತಲೆಯ ಮೇಲಿನ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಒರೆಸಿ ಅಕ್ಷರ ಓದಿ. 3770 ಆದರೆ ಎಸ್‌ಆರ್‌0ಪಿಕೆ ಅಂತ ಇರಬೇಕು. ಐ7 ಬದಲು ಜೀಯಾನ್ ಇ3-1230 ವಿ2 ಎಂಬ ಸರ್ವರ್ ಪ್ರೊಸೆಸರ್ ಕೈಗೆ ಬಂದಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಡಿಸ್‌ಪ್ಲೇ ಬರುವುದೇ ಇಲ್ಲ. ಸಾಕೆಟ್ ಖಾಲಿ ಇದ್ದಾಗ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪಿನ್‌ಗಳನ್ನೂ ನೋಡಿ. ಎಲ್ಲ ಒಂದೇ ಕಡೆ ಬಾಗಿ ಒಂದೇ ತರ ಹೊಳೆಯಬೇಕು. ಬಗ್ಗಿದ ಪಿನ್ ಇದ್ದರೆ ಆ ಸಾಲಿನಲ್ಲಿ ಹೊಳಪು ತಪ್ಪುತ್ತದೆ.

ಜಡಿಮಳೆ_ಹೊಸನಗರ:
ಸ್ಪೀಕರ್ ಸಿಕ್ಕಿತು. ಐ3ಯಲ್ಲಿ ಬೀಪ್ ಬರುತ್ತದೆ, ಐ7ಗೆ ತುಟಿಪಿಟಿಕ್ ಅನ್ನುವುದಿಲ್ಲ. ಅಕ್ಷರ ನೀವು ಹೇಳಿದ್ದೇ ಇದೆ. ಪಿನ್ ಸರಿಯಿವೆ. ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಬಯಾಸ್ ತಾರೀಖು 2011 ತೋರಿಸುತ್ತಿದೆ. ಅಪ್‌ಡೇಟ್ ಮಾಡೋಣ ಅಂದರೆ ಇಲ್ಲಿ ಮಳೆ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿದೆ. ಮನೆಗೆ ಇನ್ವರ್ಟರ್ ಇದೆ, ಸಾಕಾ?

ಹಳೇಬೋರ್ಡ್_ಸಾಗರ:
2011 ಎಂದರೆ ಬಹುತೇಕ ಅದೇ. ಅಪ್‌ಡೇಟ್ ಮಾಡುವಾಗ ಐ3ಯೇ ಇರಬೇಕು, ನೆನಪಿರಲಿ.

ಬೋರ್ಡಿನ ಮೇಲೆ ಮಾಡೆಲ್ ಜೊತೆ ರೆವಿಷನ್ ನಂಬರ್ ಅಚ್ಚಾಗಿರುತ್ತದೆ. ಎರಡೂ ತಾಳೆಯಾಗುವ ಫೈಲನ್ನೇ ತಯಾರಕರ ಸೈಟಿನಿಂದ ಇಳಿಸಿಕೊಳ್ಳಿ. ಅಲ್ಲಿರುವ ಸಿಪಿಯು ಪಟ್ಟಿಯಲ್ಲಿ 3770 ಎದುರು ಯಾವ ಬಯಾಸ್‌ನಿಂದ ನಡೆಯುತ್ತದೆ ಎಂದು ಕೊಟ್ಟಿರುತ್ತಾರೆ. ಕೆಲವು ಬೋರ್ಡ್‌ಗಳಿಗೆ ಬಯಾಸ್ ಜೊತೆ ಎಂಇ ಫರ್ಮ್‌ವೇರ್ (ಚಿಪ್‌ಸೆಟ್ ಒಳಗೆ ಓಡುವ ಇಂಟೆಲ್‌ನ ಪ್ರೋಗ್ರಾಂ) ಕೂಡ 8ನೇ ಆವೃತ್ತಿಗೆ ಏರಿಸಬೇಕು, ಅದನ್ನು ಬಿಟ್ಟರೆ ಮತ್ತೆ ಇದೇ ಕಥೆ. ಪೆನ್‌ಡ್ರೈವ್ ಫ್ಯಾಟ್32 ಮಾಡಿ, ಬಯಾಸ್ ಒಳಗಿನ ಫ್ಲ್ಯಾಶ್ ಮೆನುವಿನಿಂದಲೇ ಹಾಕಿ. ವಿಂಡೋಸ್ ಒಳಗಿಂದ ಮಾಡುವ ವಿಧಾನ ನನಗೆ ಒಗ್ಗುವುದಿಲ್ಲ.

ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಮೊದಲು ಸುಮ್ನೆ ಸಿಸ್ಟಂ ಆನ್ ಮಾಡಿಟ್ಟು ಮೇನ್ ಆಫ್ ಮಾಡಿ ನೋಡಿ. ಅಲ್ಲಾಡದೆ ನಿಂತರೆ ಮುಂದುವರಿಯಿರಿ. ಗುಡುಗು ಕೇಳಿಸುತ್ತಿದ್ದರೆ ಮಾತ್ರ ಆ ದಿನ ಬಿಡಿ, ಪ್ಲಗ್ಗೇ ಕಿತ್ತಿಡಿ. ಅರ್ಧಕ್ಕೆ ನಿಂತರೆ ಬೋರ್ಡ್ ಏಳುವುದಿಲ್ಲ. ಬಯಾಸ್ ಚಿಪ್ ಎಂಟು ಕಾಲಿನದಾಗಿ ಸಾಕೆಟ್‌ನಲ್ಲಿ ಕೂತಿದ್ದರೆ ಕಿತ್ತು ಪ್ರೋಗ್ರಾಮರ್‌ನಲ್ಲಿ ಬರೆಸಬಹುದು. ಬೆಸುಗೆ ಹಾಕಿದ್ದರೆ ತಲೆನೋವು.

ಗುಡ್ಡೇಕೇರಿ:
ನನ್ನ ಮಾತು ಕಹಿ ಅನ್ನಿಸಬಹುದು. ಇಷ್ಟು ಹಳೆಯದಕ್ಕೆ ದುಡ್ಡು ಸುರಿಯುವುದು ದಂಡ ಅಲ್ವಾ? ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಾದರೂ ಬೇಕು.

ಹಳೇಬೋರ್ಡ್_ಸಾಗರ:
ನೀವು ಹೇಳಿದ್ದು ಸರಿ. ಬೋರ್ಡ್ ಹೋಗಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಪ್ರೊಸೆಸರ್ ಕೈಯಲ್ಲೇ ಇದೆ, ಬಯಾಸ್‌ಗೆ ಖರ್ಚಿಲ್ಲ. ಐ3ಯಲ್ಲಿ ಎರಡು ಕೋರ್, ಇದರಲ್ಲಿ ನಾಲ್ಕು ಕೋರ್ ಎಂಟು ಥ್ರೆಡ್. ರೆಂಡರ್‌ನಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಲಿನಕ್ಸ್ ಹಾಕಿ ಕೆಡೆನ್‌ಲೈವ್‌ನಲ್ಲಿ ಎಡಿಟ್ ಮಾಡಿದರೆ ವಿಂಡೋಸ್ ಚಿಂತೆಯೂ ಇಲ್ಲ.

ಜಡಿಮಳೆ_ಹೊಸನಗರ:
ಬಂತು! ಇನ್ವರ್ಟರ್‌ನಲ್ಲೇ ಮಾಡಿದೆ. ಎಂಇ ಕೂಡ ಏರಿಸಬೇಕಾಯಿತು. ಈಗ ಐ7 ಎಂದು ತೋರಿಸುತ್ತಿದೆ. ಆದರೆ ರೆಂಡರ್ ಹಾಕಿದ ತಕ್ಷಣ ಟೆಂಪರೇಚರ್ 95 ದಾಟುತ್ತದೆ, ಫ್ಯಾನ್ ಕೂಗಾಟ ಅಡುಗೆಮನೆಗೂ ಕೇಳಿಸುತ್ತದೆ. ಪೇಸ್ಟ್ ಹೊಸದೇ.

ಹಳೇಬೋರ್ಡ್_ಸಾಗರ:
ಅಷ್ಟು ಬೇಗ ಏರಿದರೆ ಕೂಲರ್ ಕೂತಿಲ್ಲ. ನಾಲ್ಕು ಪ್ಲಾಸ್ಟಿಕ್ ಕಾಲಿವೆಯಲ್ಲ, ಪ್ರತಿಯೊಂದರ ತಲೆಯಲ್ಲಿ ಬಾಣದ ಗುರುತಿದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಬಿಡುತ್ತದೆ. ಕೂರಿಸುವಾಗ ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿಟ್ಟು ಮೂಲೆಯಿಂದ ಎದುರು ಮೂಲೆಗೆ ಒತ್ತಿ, ಟಕ್ ಅನ್ನಬೇಕು. ಬೋರ್ಡ್ ಹೊರಗೆ ತೆಗೆದು ಹಿಂಭಾಗ ನೋಡಿ. ಬಿಳಿ ಕಾಲು ಅಗಲವಾಗಿ ಅದರ ನಡುವೆ ಕಪ್ಪು ಕಡ್ಡಿ ಪೂರ್ತಿ ಹೊರಬಂದಿರಬೇಕು. ನಾಲ್ಕೂ ಹಾಗೇ ಇವೆಯಾ?

ಜಡಿಮಳೆ_ಹೊಸನಗರ:
ಮೂರು ಹಾಗಿವೆ, ಒಂದು ಬಂದಿಲ್ಲ. ಕಾಲಿನ ತುದಿ ಮುರಿದಿದೆ. ಬೇರೆ ಕೂಲರ್ ತಂದು ಹಾಕಿದೆ. ಈಗ ರೆಂಡರ್‌ನಲ್ಲೂ 70ರ ಆಸುಪಾಸು. ಸಂಜೆ ಹಾಕಿದ ಆಟ ಬೆಳಗ್ಗೆ ಎದ್ದಾಗ ಮುಗಿದಿತ್ತು. ಮುಂದೆ ಎಸ್‌ಎಸ್‌ಡಿ ಮೊದಲಾ, ರ‍್ಯಾಮ್ ಮೊದಲಾ?

ಹಳೇಬೋರ್ಡ್_ಸಾಗರ:
ನಿಮ್ಮ ಕೆಲಸಕ್ಕೆ ರ‍್ಯಾಮ್ ಮೊದಲು. 8 ಜಿಬಿಯ ಡಿಡಿಆರ್3 ಎರಡು ಹಾಕಿ, ಎಚ್61ಗೆ 16 ಜಿಬಿಯೇ ಮಿತಿ. ಎಸ್‌ಎಸ್‌ಡಿಗೆ ಈ ಬೋರ್ಡ್ ಸೆಕೆಂಡಿಗೆ 3 ಗಿಗಾಬಿಟ್ ವೇಗವಷ್ಟೇ ಕೊಡುತ್ತದೆ, ಹಾಗಾಗಿ ದುಬಾರಿಯದು ಬೇಡ, ಸಾದಾ ಸಾಟಾ ಸಾಕು. ಐ3 ಮಾರಬೇಡಿ. ನಾಳೆ ಬೋರ್ಡ್ ಕೈಕೊಟ್ಟು ಇನ್ನೊಂದು ಹಳೆ ಎಚ್61 ತಂದರೆ, ಅದರ ಬಯಾಸ್ ಏರಿಸಲು ಮತ್ತೆ ಅದೇ ಬೇಕು.